ಬಾಲಿಯ ಪ್ಲಾಸ್ಟಿಕ್ ಕವರ್ ಮತ್ತು ಇಬ್ಬರು ಹುಡುಗಿಯರು: ಮನವಿಯಿಂದ ಕಾನೂನಿನವರೆಗಿನ ಆರು ವರ್ಷ

2013ರಲ್ಲಿ ಬಾಲಿಯ ಗ್ರೀನ್ ಸ್ಕೂಲ್‌ನಲ್ಲಿ ಓದುತ್ತಿದ್ದ ಮೆಲಾಟಿ ಮತ್ತು ಇಸಬೆಲ್ ವೈಸನ್ ಎಂಬ ಅಕ್ಕ-ತಂಗಿ ತಮ್ಮ ದ್ವೀಪದಲ್ಲಿ ಪ್ಲಾಸ್ಟಿಕ್ ಕವರ್ ನಿಲ್ಲಿಸಬೇಕು ಅಂತ ಹೊರಟರು. ಅಕ್ಕನಿಗೆ 12 ವರ್ಷ, ತಂಗಿಗೆ 10. 2019ರ ಮಧ್ಯದ ಹೊತ್ತಿಗೆ ಬಾಲಿ ಪ್ರಾಂತ್ಯದಲ್ಲಿ ಪ್ಲಾಸ್ಟಿಕ್ ಕವರ್, ಸ್ಟ್ರಾ, ಥರ್ಮೊಕೋಲ್ ಮೂರಕ್ಕೂ ನಿಷೇಧ ಜಾರಿಗೆ ಬಂತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಇಷ್ಟೇ ಹೇಳಿ ಮುಗಿಸುತ್ತಾರೆ. ಇಬ್ಬರು ಮಕ್ಕಳು ಕೇಳಿದರು, ಸರ್ಕಾರ ಕೊಟ್ಟಿತು ಅಂತ. ಹಾಗೆ ಹೇಳಿದಾಗ ನಡುವಿನ ಆರು ವರ್ಷ ಪೂರ್ತಿ ಮಾಯವಾಗುತ್ತದೆ. ನನಗೆ ಕಲಿಯುವಂಥದ್ದು ಕಾಣುವುದು ಆ ಆರು ವರ್ಷಗಳಲ್ಲೇ. ಸಹಿ ಸಂಗ್ರಹ, ಉಪವಾಸ, ಭಾಷಣ ಇವೆಲ್ಲ ಪತ್ರಿಕೆಗಳಲ್ಲಿ ಬಂದವು. ಆದರೆ ಹುಡುಗಿಯರು ಮಾಡಿದ ಅತ್ಯಂತ ಗಟ್ಟಿ ಕೆಲಸ ಒಂದು ಹಳ್ಳಿಯ ಸಣ್ಣ ಅಂಗಡಿಗಳ ಮುಂದೆ ನಡೆಯಿತು, ಅದರ ಬಗ್ಗೆ ಬರೆದವರು ಕಡಿಮೆ.

ಕಸ ಎಲ್ಲಿಂದ ಬರುತ್ತಿತ್ತು

ಬಾಲಿ ಇಂಡೋನೇಷ್ಯಾದ ಒಂದು ಪ್ರಾಂತ್ಯ. ಸಣ್ಣ ದ್ವೀಪ, 40 ಲಕ್ಷಕ್ಕಿಂತ ಜಾಸ್ತಿ ಜನ. ಕೊರೊನಾ ಬರುವ ಮುಂಚಿನ ವರ್ಷಗಳಲ್ಲಿ ವಿದೇಶಿ ಪ್ರವಾಸಿಗರೇ ವರ್ಷಕ್ಕೆ 60 ಲಕ್ಷದ ಆಸುಪಾಸು ಬರುತ್ತಿದ್ದರು. ದ್ವೀಪದ ಸಂಪಾದನೆಯೆಲ್ಲ ಹೆಚ್ಚುಕಡಿಮೆ ಕಡಲತೀರದ ಅಂದದ ಮೇಲೆ ನಿಂತಿದೆ ಅಂದರೂ ತಪ್ಪಿಲ್ಲ. ಆ ತೀರದಲ್ಲೇ ಕಸ.

2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಯಾವ ದೇಶದಿಂದ ಎಷ್ಟು ಪ್ಲಾಸ್ಟಿಕ್ ಸಮುದ್ರ ಸೇರುತ್ತಿದೆ ಅಂತ ಅಂದಾಜು ಮಾಡಿತ್ತು. ಚೀನಾ ಮೊದಲನೆಯದು, ಇಂಡೋನೇಷ್ಯಾ ಎರಡನೆಯದು. ಬಾಲಿಯ ಮಟ್ಟಿಗೆ ಈ ಅಕ್ಕ-ತಂಗಿ ತಮ್ಮ ಮಾತುಗಳಲ್ಲಿ ಕೊಡುತ್ತಿದ್ದ ಲೆಕ್ಕ ಹೀಗಿತ್ತು: ದಿನಕ್ಕೆ 680 ಘನ ಮೀಟರ್ ಪ್ಲಾಸ್ಟಿಕ್ ಕಸ, ಅಂದರೆ 14 ಮಹಡಿಯ ಕಟ್ಟಡದಷ್ಟು. ಪ್ಲಾಸ್ಟಿಕ್ ಕವರ್‌ಗಳಲ್ಲಿ ಮರುಬಳಕೆಗೆ ಹೋಗುವುದು ನೂರಕ್ಕೆ 5ಕ್ಕಿಂತ ಕಡಿಮೆ.

ಯಾಕೆ ಇಷ್ಟು ಕಡಿಮೆ? ಕಸ ಆಯುವವರು ನೀರಿನ ಬಾಟಲಿ ಆಯುತ್ತಾರೆ, ಗಟ್ಟಿ ಡಬ್ಬ ಆಯುತ್ತಾರೆ. ಅದಕ್ಕೆ ತೂಕ ಇದೆ, ಬೆಲೆ ಇದೆ. ತೆಳ್ಳನೆಯ ಕವರ್‌ಗೆ ಎರಡೂ ಇಲ್ಲ. ಒಂದು ಕಿಲೋ ಆಗಬೇಕಾದರೆ ನೂರಾರು ಕವರ್ ಬೇಕು. ಅಷ್ಟೊತ್ತಿಗೆ ಅವುಗಳಿಗೆ ಮೀನಿನ ನೀರು, ಮಣ್ಣು, ಎಣ್ಣೆ ಎಲ್ಲ ಮೆತ್ತಿಕೊಂಡಿರುತ್ತದೆ. ತೊಳೆಯುವ ಖರ್ಚೇ ಬೆಲೆಗಿಂತ ಜಾಸ್ತಿ. ಹಾಗಾಗಿ ಕವರ್‌ಗೆ ಉಳಿಯುವುದು ಮೂರು ದಾರಿ: ಸುಡುವುದು, ಗುಂಡಿಗೆ ಹಾಕುವುದು, ನೀರಿಗೆ ಬಿಡುವುದು.

ಬಾಲಿಯಲ್ಲಿ ನೀರಿಗೆ ಬಿಡುವುದಂತೂ ಬಹಳ ಸುಲಭ. ಸುಬಾಕ್ ಅನ್ನುವ ಹಳೆಯ ನೀರಾವರಿ ವ್ಯವಸ್ಥೆ ಇದೆ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ಅದರ ಕಾಲುವೆಗಳು ಹಳ್ಳಿಗಳ ಮಧ್ಯದಲ್ಲೇ ಹರಿದು ಗದ್ದೆಗೆ ಹೋಗುತ್ತವೆ, ಅಲ್ಲಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಮೊದಲು ಜನ ಸಾಮಾನು ಕಟ್ಟುತ್ತಿದ್ದದ್ದು ಬಾಳೆ ಎಲೆಯಲ್ಲಿ. ಕೆಲಸ ಮುಗಿದ ಮೇಲೆ ಅದನ್ನು ಹಿತ್ತಲಿಗೋ ಕಾಲುವೆಗೋ ಎಸೆದರೆ ಕೊಳೆತು ಮಣ್ಣಾಗುತ್ತಿತ್ತು. ಆಮೇಲೆ ಎಲೆಯ ಜಾಗಕ್ಕೆ ಕವರ್ ಬಂತು. ಎಸೆಯುವ ಅಭ್ಯಾಸ ಹಾಗೇ ಉಳಿಯಿತು. ಇದನ್ನು ಜನರ ತಪ್ಪು ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಸದ ಗಾಡಿಯೇ ಬರದ ಊರಿನಲ್ಲಿ ಕೊಳೆಯದ ಸಾಮಾನನ್ನು ತಂದು ಸುರಿದರೆ ಇನ್ನೇನಾಗುತ್ತದೆ, ಅಲ್ವಾ?

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪಶ್ಚಿಮದ ಗಾಳಿ ಮತ್ತು ಮಳೆ. ಆಗ ಹೊಳೆಗಳಲ್ಲಿ ಇಳಿದ ಕಸ, ಅಕ್ಕಪಕ್ಕದ ದ್ವೀಪಗಳಿಂದ ತೇಲಿ ಬಂದ ಕಸ ಎಲ್ಲ ಸೇರಿ ಕುಟಾ, ಸೆಮಿನ್ಯಾಕ್, ಜಿಂಬಾರಾನ್ ತೀರಗಳಿಗೆ ಬಂದು ಬೀಳುತ್ತದೆ. ಪ್ರತಿ ವರ್ಷ ಇದೇ ಕಥೆ.

ತರಗತಿಯಿಂದ ಶುರು

2013ರಲ್ಲಿ ಶಾಲೆಯಲ್ಲಿ ಒಂದು ಪಾಠ ಬಂತು: ಜಗತ್ತಿನ ಮೇಲೆ ಪ್ರಭಾವ ಬೀರಿದವರು. ಮಂಡೇಲಾ, ಡಯಾನಾ, ಗಾಂಧಿ. ಮನೆಗೆ ಬಂದ ಅಕ್ಕ-ತಂಗಿಗೆ ಒಂದೇ ಪ್ರಶ್ನೆ: ದೊಡ್ಡವರಾಗುವ ತನಕ ಕಾಯದೆ, ಮಕ್ಕಳಾಗಿರುವಾಗಲೇ ನಾವು ಏನು ಮಾಡಬಹುದು? ಹುಡುಕಿದಾಗ ಆ ಹೊತ್ತಿಗೆ ಸುಮಾರು 40 ದೇಶಗಳು ಪ್ಲಾಸ್ಟಿಕ್ ಕವರ್ ನಿಷೇಧಿಸಿದ್ದವು ಅಥವಾ ಅದರ ಮೇಲೆ ತೆರಿಗೆ ಹಾಕಿದ್ದವು ಅಂತ ಗೊತ್ತಾಯಿತು. ಬಾಂಗ್ಲಾದೇಶ 2002ರಲ್ಲೇ ತೆಳು ಕವರ್ ನಿಷೇಧಿಸಿತ್ತು, ಪ್ರವಾಹದಲ್ಲಿ ಚರಂಡಿಗಳು ಕಟ್ಟಿಕೊಂಡ ಅನುಭವದ ಮೇಲೆ. ರುವಾಂಡಾ 2008ರಲ್ಲಿ ಕಾನೂನು ಮಾಡಿತ್ತು. ರುವಾಂಡಾಗೆ ಆಗಿದ್ದು ಬಾಲಿಗೆ ಯಾಕಾಗಬಾರದು ಅನ್ನುವುದೇ ಅವರ ಮೊದಲ ವಾದ. 'ಬೈ ಬೈ ಪ್ಲಾಸ್ಟಿಕ್ ಬ್ಯಾಗ್ಸ್' ಅನ್ನುವ ಹೆಸರಿಟ್ಟರು, ಸ್ನೇಹಿತರನ್ನು ಸೇರಿಸಿಕೊಂಡರು.

ಇಲ್ಲಿ ಒಂದು ಆಯ್ಕೆಯನ್ನು ಗಮನಿಸಬೇಕು. ಬಾಲಿಯಲ್ಲಿ ಪರಿಸರದ ಸಮಸ್ಯೆ ಒಂದೇ ಎರಡೇ? ಅಂತರ್ಜಲ ಇದೆ, ಗದ್ದೆಗಳು ವಿಲ್ಲಾಗಳಾಗುತ್ತಿರುವುದು ಇದೆ, ಕಸದ ರಾಶಿ ಇದೆ. ಇವರು ಹಿಡಿದದ್ದು ಒಂದೇ ಒಂದು ವಸ್ತು. ಪ್ಲಾಸ್ಟಿಕ್ ಅನ್ನು ಪೂರ್ತಿ ನಿಲ್ಲಿಸಿ ಅಂತ ಕೇಳಲಿಲ್ಲ, ಕವರ್ ನಿಲ್ಲಿಸಿ ಅಂತ ಕೇಳಿದರು. ಪರ್ಯಾಯ ಎಲ್ಲರ ಮನೆಯಲ್ಲೂ ಇತ್ತು, ಬಟ್ಟೆಚೀಲವೋ ಬುಟ್ಟಿಯೋ. ಕೇಳಿಸಿಕೊಂಡವರಿಗೆ ತಾವೇನು ಮಾಡಬೇಕು ಅನ್ನುವುದು ತಕ್ಷಣ ಅರ್ಥವಾಗುತ್ತಿತ್ತು. ಯುವಜನರ ಎಷ್ಟೋ ಪರಿಸರ ಗುಂಪುಗಳು ಮೊದಲ ಸಭೆಯಲ್ಲೇ ಹವಾಮಾನ, ನೀರು, ಕಾಡು, ಕಸ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ಆರು ತಿಂಗಳಲ್ಲಿ ಸುಸ್ತಾಗುತ್ತವೆ. ಇವರು ಆರು ವರ್ಷ ಬಾಳಿದ್ದಕ್ಕೆ ಒಂದು ದೊಡ್ಡ ಕಾರಣ ಈ ಆಯ್ಕೆ ಅಂತ ನಾನು ನಂಬುತ್ತೇನೆ.

ಸಹಿಗಳು

ಆನ್‌ಲೈನ್ ಮನವಿ ಹಾಕಿದ 24 ಗಂಟೆಯೊಳಗೆ 6,000 ಸಹಿ ಬಂತು. ಅವರಿಟ್ಟುಕೊಂಡ ಗುರಿ 10 ಲಕ್ಷ. ಅಷ್ಟು ಸಹಿ ಎಲ್ಲಿ ಸಿಗುತ್ತದೆ? ಜನ ಸಿಗುವ ಕಡೆ. ಬಾಲಿಯ ವಿಮಾನ ನಿಲ್ದಾಣದಲ್ಲಿ ಆಗ ವರ್ಷಕ್ಕೆ 1.6 ಕೋಟಿ ಜನ ಬಂದುಹೋಗುತ್ತಿದ್ದರು. ಅಲ್ಲೇ ಸಹಿ ತೆಗೆದುಕೊಳ್ಳಲು ಅನುಮತಿ ಬೇಕು ಅಂತ ಕಚೇರಿಗೆ ಹೋದರು. ಒಬ್ಬರು ಇನ್ನೊಬ್ಬರ ಹತ್ತಿರ ಕಳಿಸಿದರು, ಅವರು ಮತ್ತೊಬ್ಬರ ಹತ್ತಿರ. ದಿನಗಟ್ಟಲೆ ಬಾಗಿಲು ತಟ್ಟಿದ ಮೇಲೆ ನಿಲ್ದಾಣದ ವಾಣಿಜ್ಯ ವ್ಯವಸ್ಥಾಪಕರು ಸಿಕ್ಕರು. ಅವರು ಒಪ್ಪಿದರು. ಅದೂ ಎಲ್ಲಿ, ವಲಸೆ ತಪಾಸಣೆ ದಾಟಿದ ಮೇಲಿನ ಒಳಜಾಗದಲ್ಲಿ. ಮೊದಲ ಒಂದೂವರೆ ಗಂಟೆಯಲ್ಲೇ ಸಾವಿರದ ಹತ್ತಿರ ಸಹಿ.

ಸಹಿಗಳಿಂದ ಏನಾಯಿತು ಅಂತ ಕೇಳಿದರೆ, ನೇರವಾಗಿ ಏನೂ ಆಗಲಿಲ್ಲ. ಗವರ್ನರ್ ಕಚೇರಿ ಉತ್ತರ ಕೊಡಲಿಲ್ಲ. ಅಲ್ಲಿ ಗವರ್ನರ್ ಅಂದರೆ ಜನರೇ ಮತ ಹಾಕಿ ಆರಿಸಿದ ಪ್ರಾಂತ್ಯದ ಮುಖ್ಯಸ್ಥ. ಒಂದೂವರೆ ವರ್ಷ ಭೇಟಿಗೆ ಸಮಯ ಕೇಳುತ್ತಲೇ ಇದ್ದರು, ಸಿಗಲಿಲ್ಲ. ಬಹಳಷ್ಟು ಗುಂಪುಗಳು ಸೋತು ಕೈಬಿಡುವುದು ಇಂಥ ಕಡೆಯೇ. ಸಹಿ ಹಾಕಿದವರಲ್ಲಿ ತುಂಬಾ ಜನ ಪ್ರವಾಸಿಗರು, ಅವರ ಮತ ಬಾಲಿಯಲ್ಲಿಲ್ಲ. ಆದರೆ ಪ್ರವಾಸಿಗರ ಬೇಸರ ಅಂದರೆ ಬಾಲಿಯ ಹೊಟ್ಟೆಪಾಡಿನ ಪ್ರಶ್ನೆ, ಹಾಗಾಗಿ ಆ ಸಹಿಗಳಿಗೆ ಬೇರೆ ರೀತಿಯ ತೂಕ ಇತ್ತು. ಆ ತೂಕ ಕೆಲಸಕ್ಕೆ ಬಂದದ್ದು ಮುಂದೆ.

ಪೆರೆರೆನಾನ್

ಸರ್ಕಾರದ ಬಾಗಿಲು ತೆರೆಯದೇ ಇದ್ದಾಗ ಇವರು ಇನ್ನೊಂದು ಕಡೆಯಿಂದ ಕೆಲಸ ಮಾಡುತ್ತಿದ್ದರು. ಪೆರೆರೆನಾನ್ ಅಂತ ದಕ್ಷಿಣ ಬಾಲಿಯ ಕಡಲಂಚಿನ ಹಳ್ಳಿ, 800 ಕುಟುಂಬ. ಇದನ್ನು ಪ್ರಯೋಗಕ್ಕೆ ಆರಿಸಿಕೊಂಡರು. ಇಡೀ ದ್ವೀಪಕ್ಕೆ ಕೇಳುವ ಮೊದಲು ಒಂದು ಊರಲ್ಲಿ ಮಾಡಿ ತೋರಿಸಬೇಕು ಅನ್ನುವುದು ಲೆಕ್ಕ. ಹಳ್ಳಿಯ ಮುಖ್ಯಸ್ಥರು ಇವರ ಜೊತೆ ನಿಂತರು.

ಬಾಲಿಯ ಹಳ್ಳಿಯ ಅಂಗಡಿ ಹೇಗಿರುತ್ತದೆ ಅಂತ ಸ್ವಲ್ಪ ನೋಡೋಣ, ಯಾಕೆಂದರೆ ಸಮಸ್ಯೆಯ ಬೇರು ಇರುವುದು ಅಲ್ಲೇ. ವಾರುಂಗ್ ಅಂತಾರೆ. ಮನೆಯ ಮುಂಭಾಗದ ಒಂದು ಕೋಣೆ. ಶಾಂಪೂ, ಕಾಫಿಪುಡಿ, ಸೋಪಿನ ಪುಡಿಯ ಸಣ್ಣ ಸ್ಯಾಶೆಗಳು ಸರದ ಹಾಗೆ ತೂಗಾಡುತ್ತಿರುತ್ತವೆ. ಗಲ್ಲಾದ ಪಕ್ಕದಲ್ಲಿ ಕವರ್‌ಗಳ ಕಟ್ಟು ನೇತುಹಾಕಿರುತ್ತಾರೆ. ಎರಡು ಸ್ಯಾಶೆ ಕಾಫಿ ತೆಗೆದುಕೊಂಡರೂ ಒಂದು ಕವರ್. ಮಾಂಸದ ಉಂಡೆ ಹಾಕಿದ ಬಿಸಿ ಸಾರು ಕಟ್ಟಿಸಿಕೊಂಡು ಹೋಗುವವರಿಗೆ ಸಾರನ್ನೇ ಕವರ್‌ಗೆ ಸುರಿದು ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಆಮೇಲೆ ಅದನ್ನು ಹಿಡಿದುಕೊಳ್ಳಲು ಇನ್ನೊಂದು ಕವರ್. ದೇವರಿಗೆ ದಿನಾ ಇಡುವ ಚನಾಂಗ್ ತಟ್ಟೆ ತೆಂಗಿನ ಗರಿಯದ್ದು, ಅದರಲ್ಲಿ ಹೂವು. ಆ ಹೂವನ್ನು ಸಂತೆಯಿಂದ ತರುವುದು ಕವರ್‌ನಲ್ಲಿ.

ಅಂಗಡಿಯಾಕೆಯ ಜಾಗದಲ್ಲಿ ನಿಂತು ಯೋಚಿಸಿ. ಕವರ್ ಅವಳಿಗೆ ಬಹಳ ಅಗ್ಗ. ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನುವ ಭಯ. ಕೊಡುವುದು ಮರ್ಯಾದೆಯ ವಿಷಯವೂ ಹೌದು, ಬರಿಗೈಯಲ್ಲಿ ಸಾಮಾನು ಹಿಡಿಸಿ ಕಳಿಸುವುದು ಚೆನ್ನಾಗಿರುವುದಿಲ್ಲ. ಹೀಗಿರುವಾಗ ಒಬ್ಬಳೇ ನಿಲ್ಲಿಸಲು ಆಗುವುದಿಲ್ಲ. ಊರಿನ ಎಲ್ಲ ಅಂಗಡಿಗಳೂ ಒಟ್ಟಿಗೆ ನಿಲ್ಲಿಸಬೇಕು, ಇಲ್ಲವೇ ಗಿರಾಕಿಯೇ ಬೇಡ ಅನ್ನಬೇಕು. ಈ ಮಕ್ಕಳು ಹಿಡಿದದ್ದು ಎರಡನೆಯ ದಾರಿ. ಬದಲಾವಣೆ ಆಗಬೇಕಾದದ್ದು ಕೊಳ್ಳುವವರ ಕಡೆಯಿಂದ ಅಂತ ತಿಳಿದುಕೊಂಡು, ಅಂಗಡಿಯವರನ್ನು ಬೈಯದೆ, ಊರಿನ ಜನರ ಜೊತೆ ಮಾತಾಡಿದರು, ಬದಲಿ ಚೀಲಗಳನ್ನು ಕೊಟ್ಟರು.

ಚೀಲ ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ಬಂದಾಗ 'ಮೌಂಟನ್ ಮಾಮಾಸ್' ಅನ್ನುವ ಇನ್ನೊಂದು ಕೆಲಸ ಹುಟ್ಟಿತು. ಬೆಟ್ಟದ ಕಡೆಯ ಹೆಂಗಸರು ಹಳೆಯ ಬಟ್ಟೆಯಿಂದ ಚೀಲ ಹೊಲಿಯುವುದು, ಅದನ್ನು ಮಾರಿ ಅವರಿಗೂ ಸಂಪಾದನೆ ಆಗುವುದು. ನಿಷೇಧ ಕೇಳುವವರು ಪರ್ಯಾಯವನ್ನೂ ಕೈಯಲ್ಲಿಟ್ಟುಕೊಂಡು ಬಂದದ್ದು ಈ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ.

2015ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಟೆಡ್ ಅನ್ನುವ ಹೆಸರಾಂತ ಭಾಷಣ ವೇದಿಕೆಯಲ್ಲಿ ಮಾತಾಡುವಾಗ ಅವರು ಹೇಳಿದ್ದು: ಕವರ್‌ಮುಕ್ತ ಆಗುವ ದಾರಿಯಲ್ಲಿ ಪೆರೆರೆನಾನ್ ಮೂರನೇ ಎರಡು ಭಾಗ ದಾಟಿದೆ. ಇದು ಅವರದೇ ಅಂದಾಜು, ಹೊರಗಿನವರು ಅಳೆದದ್ದಲ್ಲ. ಆದರೂ ಅಲ್ಲಿಂದ ಸಿಕ್ಕಿದ ಅನುಭವ ಬೆಲೆಬಾಳುವಂಥದ್ದು. ಯಾವ ಸಾಮಾನಿಗೆ ಚೀಲ ಸಾಕು, ಯಾವುದಕ್ಕೆ ಸಾಲದು, ಒದ್ದೆ ಪದಾರ್ಥಕ್ಕೆ ಏನು ಮಾಡುವುದು ಅನ್ನುವುದೆಲ್ಲ ಗೊತ್ತಾಗುವುದು ಅಂಗಡಿ ಮುಂದೆ ನಿಂತಾಗಲೇ. ಕಚೇರಿಯಲ್ಲಿ ಕೂತು ಕರಡು ಬರೆಯುವವರಿಗೆ ಇದು ಗೊತ್ತಿರುವುದಿಲ್ಲ.

ಇದರ ಜೊತೆಗೇ 'ಒನ್ ಐಲ್ಯಾಂಡ್ ಒನ್ ವಾಯ್ಸ್' ಅಂತ ಇನ್ನೊಂದು ಅಭಿಯಾನ. ಕವರ್ ಕೊಡುವುದಿಲ್ಲ ಅಂತ ಒಪ್ಪಿದ ಅಂಗಡಿ, ಹೋಟೆಲುಗಳನ್ನು ಪರಿಶೀಲಿಸಿ ಬಾಗಿಲಿಗೆ ಒಂದು ಸ್ಟಿಕರ್ ಅಂಟಿಸುವುದು, ಅವರ ಹೆಸರನ್ನು ಪ್ರಕಟಿಸುವುದು. ಒಳ್ಳೆಯ ಕೆಲಸ ಮಾಡಿದವರಿಗೆ ಹೆಸರು ಸಿಗಬೇಕು ಅನ್ನುವ ಸಾದಾ ವಿಚಾರ. ಪ್ರವಾಸಿಗರ ಮೇಲೆ ಬದುಕುವ ಅಂಗಡಿಗಳಿಗೆ ಇದು ಲಾಭದ ಮಾತು ಕೂಡ.

ಉಪವಾಸ

ಒಂದು ಕಾರ್ಯಕ್ರಮಕ್ಕೆ ಭಾರತಕ್ಕೆ ಬಂದಿದ್ದಾಗ ಅಕ್ಕ-ತಂಗಿ ಗಾಂಧಿ ಇದ್ದ ಮನೆ ನೋಡಿದರು. ಉಪವಾಸವನ್ನು ಗಾಂಧಿ ಹೇಗೆ ಬಳಸಿದರು ಅಂತ ಅಲ್ಲಿ ತಿಳಿದುಕೊಂಡು, ವಾಪಸ್ ಹೋಗಿ ತಾವೂ ಉಪವಾಸ ಮಾಡುತ್ತೇವೆ ಅಂದರು. ಗವರ್ನರ್ ಭೇಟಿ ಕೊಡುವವರೆಗೆ. ಮನೆಯವರಿಗೆ ಗಾಬರಿಯಾಗದೆ ಇರುತ್ತದೆಯೇ? ಕೊನೆಗೆ ಆಹಾರತಜ್ಞರ ಸಲಹೆ ಕೇಳಿ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮಾತ್ರ ಅಂತ ಒಪ್ಪಂದವಾಯಿತು.

ಉಪವಾಸ ಶುರುವಾದ ಮರುದಿನವೇ ಪೊಲೀಸರು ಬಂದರು. ಹಿಡಿದುಕೊಂಡು ಹೋಗಲಿಕ್ಕಲ್ಲ, ಗವರ್ನರ್ ಹತ್ತಿರ ಕರೆದುಕೊಂಡು ಹೋಗಲಿಕ್ಕೆ. ಗವರ್ನರ್ ಮಾಂಕು ಪಾಸ್ತಿಕಾ ಈ ಮಕ್ಕಳ ಜೊತೆ ಕೂತು ಮಾತಾಡಿ, 2018ರ ಜನವರಿ ಹೊತ್ತಿಗೆ ಬಾಲಿಯನ್ನು ಪ್ಲಾಸ್ಟಿಕ್ ಕವರ್‌ಮುಕ್ತ ಮಾಡಲು ನೆರವಾಗುತ್ತೇನೆ ಅನ್ನುವ ಒಪ್ಪಂದಕ್ಕೆ ಸಹಿ ಹಾಕಿದರು.

ಒಂದೂವರೆ ವರ್ಷದ ಪತ್ರಗಳಿಗೆ ಬಗ್ಗದ ಕಚೇರಿ ಒಂದು ದಿನದ ಉಪವಾಸಕ್ಕೆ ಬಗ್ಗಿತು. ಯಾಕೆ? ಬಾಲಿಯಲ್ಲಿ ಇಬ್ಬರು ಚಿಕ್ಕ ಹುಡುಗಿಯರು ಕಸದ ವಿಚಾರಕ್ಕೆ ಊಟ ಬಿಟ್ಟಿದ್ದಾರೆ ಅನ್ನುವ ಸುದ್ದಿ ಹೊರದೇಶಗಳಿಗೆ ಹೋದರೆ ಪ್ರವಾಸೋದ್ಯಮದ ಗತಿ ಏನು? ವಿಮಾನ ನಿಲ್ದಾಣದಲ್ಲಿ ಕೂಡಿಸಿದ್ದ ಸಹಿಗಳು, ಪತ್ರಿಕೆಗಳ ಪರಿಚಯ, ಆವರೆಗೆ ಕಟ್ಟಿಕೊಂಡ ಹೆಸರು ಎಲ್ಲ ಆ ದಿನ ಕೆಲಸಕ್ಕೆ ಬಂತು. ಬರೀ ಉಪವಾಸದಿಂದ ಆಯಿತು ಅಂತ ಓದಿಕೊಂಡು ಬೇರೆ ಮಕ್ಕಳು ಇದನ್ನು ನಕಲು ಮಾಡುವುದು ನನಗೆ ಬೇಡ. ಅಪ್ರಾಪ್ತ ಮಕ್ಕಳ ಆರೋಗ್ಯ ಯಾವ ಕಾನೂನಿಗಿಂತಲೂ ದೊಡ್ಡದು. ಇಲ್ಲಿ ವೈದ್ಯಕೀಯ ಎಚ್ಚರ ಇತ್ತು, ದೊಡ್ಡವರು ಜೊತೆಗಿದ್ದರು, ಎಲ್ಲಕ್ಕಿಂತ ಮುಖ್ಯವಾಗಿ ಅದರ ಹಿಂದೆ ಎರಡು ವರ್ಷದ ಹತ್ತಿರ ಕೆಲಸ ಇತ್ತು.

ಮಾತು ಕೊಟ್ಟ ಮೇಲೆ

ಕಾನೂನು ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಈ ಅವಧಿಯನ್ನೇ ಎಲ್ಲರೂ ಹಾರಿಸಿಬಿಡುತ್ತಾರೆ.

ಒಪ್ಪಂದಕ್ಕೆ ಸಹಿ ಬಿದ್ದರೂ ಕಾನೂನು ಬರಲಿಲ್ಲ. ಅಧಿಕಾರದಲ್ಲಿರುವವರು ಕ್ಯಾಮೆರಾ ಮುಂದೆ ಕೊಟ್ಟ ಮಾತಿಗೂ, ಉಲ್ಲಂಘಿಸಿದರೆ ಕ್ರಮ ತೆಗೆದುಕೊಳ್ಳಬಹುದಾದ ನಿಯಮಕ್ಕೂ ಇರುವ ದೂರ ಎಷ್ಟು ಅನ್ನುವುದು ಈ ಪ್ರಕರಣದಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಈ ಮಧ್ಯೆ ಇಂಡೋನೇಷ್ಯಾದ ಬೇರೆ ಕಡೆ ಪ್ರಯೋಗಗಳು ನಡೆದವು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹಲವು ನಗರಗಳಲ್ಲಿ ಒಂದು ಕವರ್‌ಗೆ 200 ರುಪಿಯಾ ದರ ಇಟ್ಟಿತು. ಅದು ತೀರಾ ಸಣ್ಣ ಮೊತ್ತ, ಅದೂ ಬಹಳ ದಿನ ನಡೆಯಲಿಲ್ಲ, ಅದೇ ವರ್ಷ ಅಂಗಡಿ ಸರಣಿಗಳು ಕೈಬಿಟ್ಟವು. ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗವಾದ ಕಾಲಿಮಂತಾನ್‌ನ ಬಂಜರ್‌ಮಾಸಿನ್ ನಗರ ಮಾತ್ರ 2016ರಲ್ಲಿ ನೇರವಾಗಿ ನಿಷೇಧ ಹಾಕಿ ಉಳಿಸಿಕೊಂಡಿತು.

ಬಾಲಿಯ ಮಕ್ಕಳು ಸುಮ್ನೆ ಕೂರಲಿಲ್ಲ. ಶಾಲೆಗಳಿಗೆ ಹೋಗಿ ಪಾಠ ಮಾಡಿದರು. 2017ರ ಫೆಬ್ರುವರಿಯಲ್ಲಿ ಇಡೀ ದ್ವೀಪದ ಸ್ವಚ್ಛತಾ ದಿನ ಮಾಡಿದರು, ಸುಮಾರು 12,000 ಜನ ಬಂದರು, 40 ಟನ್‌ಗಿಂತ ಜಾಸ್ತಿ ಕಸ ಎತ್ತಿದರು. ಮುಂದಿನ ವರ್ಷ 20,000 ಜನ, 65 ಟನ್. ತೀರ ಗುಡಿಸುವುದರಿಂದ ಕಸ ನಿಲ್ಲುವುದಿಲ್ಲ, ಮರುವಾರ ಮತ್ತೆ ಬರುತ್ತದೆ, ಇದು ಅವರಿಗೂ ಗೊತ್ತಿತ್ತು. ಆದರೆ ಇಂಥ ದಿನದಲ್ಲಿ ಇನ್ನೊಂದು ಕೆಲಸ ಆಗುತ್ತದೆ. ಹೋಟೆಲಿನ ಸಿಬ್ಬಂದಿ, ಮೀನುಗಾರರು, ಶಾಲಾ ಮಕ್ಕಳು, ವಿದೇಶಿಗರು ಎಲ್ಲ ಒಂದೇ ಕಡೆ ಬಗ್ಗಿ ಕಸ ಎತ್ತುವಾಗ, ಕೈಗೆ ಸಿಗುತ್ತಿರುವುದು ಏನು ಅಂತ ಕಣ್ಣಾರೆ ನೋಡುತ್ತಾರೆ. ಆಮೇಲೆ ನಿಯಮ ಬಂದಾಗ ಇದು ಯಾಕೆ ಅಂತ ವಿವರಿಸಬೇಕಾಗುವುದಿಲ್ಲ.

2017ರ ಕೊನೆಯಲ್ಲಿ ಮಳೆಗಾಲದ ಕಸ ಎಷ್ಟು ಬಂತೆಂದರೆ ಜಿಂಬಾರಾನ್, ಕುಟಾ, ಸೆಮಿನ್ಯಾಕ್ ಸೇರಿ ಸುಮಾರು 6 ಕಿಲೋಮೀಟರ್ ತೀರಕ್ಕೆ ಅಧಿಕಾರಿಗಳು 'ಕಸದ ತುರ್ತು ಪರಿಸ್ಥಿತಿ' ಘೋಷಿಸಬೇಕಾಯಿತು. 700 ಜನ ಕೆಲಸಗಾರರು, 35 ಲಾರಿ, ದಿನಕ್ಕೆ ಸುಮಾರು 100 ಟನ್. 2018ರ ಮಾರ್ಚ್‌ನಲ್ಲಿ ಬಾಲಿಯ ಪಕ್ಕದ ನುಸಾ ಪೆನಿಡಾ ದ್ವೀಪದ ಹತ್ತಿರ ಮುಳುಗುಗಾರರೊಬ್ಬರು ತೆಗೆದ ವಿಡಿಯೊ ಜಗತ್ತೆಲ್ಲ ಓಡಾಡಿತು. ಮಾಂಟಾ ಅನ್ನುವ ದೊಡ್ಡ ಚಪ್ಪಟೆ ಮೀನುಗಳು ಬರುವ ಜಾಗ ಅದು. ವಿಡಿಯೊದಲ್ಲಿ ಕಂಡದ್ದು ಮುಖದ ಮುಂದೆಲ್ಲ ತೇಲುವ ಕವರ್, ಲೋಟ, ಸ್ಟ್ರಾ.

2018ರ ಜನವರಿ, ಅಂದರೆ ಕೊಟ್ಟ ಮಾತಿನ ಗಡುವು, ಈ ಎರಡರ ಮಧ್ಯೆಯೇ ಕಳೆದುಹೋಯಿತು. ನಿಷೇಧ ಬರಲಿಲ್ಲ.

ಕಾನೂನು ಬಂದದ್ದು

2018ರಲ್ಲಿ ಚುನಾವಣೆ ಆಯಿತು. ಸೆಪ್ಟೆಂಬರ್‌ನಲ್ಲಿ ವಯಾನ್ ಕೊಸ್ಟರ್ ಗವರ್ನರ್ ಆದರು. ಡಿಸೆಂಬರ್‌ನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಮೇಲೆ 2018ರ 97ನೇ ಗವರ್ನರ್ ನಿಯಮಕ್ಕೆ ಸಹಿ ಬಿತ್ತು. ಕವರ್, ಥರ್ಮೊಕೋಲ್, ಸ್ಟ್ರಾ. ವ್ಯಾಪಾರಿಗಳಿಗೆ ಹೊಂದಿಕೊಳ್ಳಲು ಆರು ತಿಂಗಳ ಅವಕಾಶ. ರಾಜಧಾನಿ ಡೆನ್‌ಪಸಾರ್ ಅದಕ್ಕೂ ಕಾಯದೆ 2019ರ ಜನವರಿ 1ರಿಂದಲೇ ಅಂಗಡಿ, ಮಾಲ್‌ಗಳಲ್ಲಿ ಕವರ್ ನಿಲ್ಲಿಸಿತು.

ಪ್ಲಾಸ್ಟಿಕ್ ಮರುಬಳಕೆ ಉದ್ಯಮದವರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು, ನಿಯಮ ಉಳಿಯಿತು. ಇದು ಬಾಲಿಗಿಂತ ದೊಡ್ಡ ವಿಷಯ, ಯಾಕೆಂದರೆ ಪ್ರಾಂತ್ಯ ಮತ್ತು ನಗರಗಳು ತಮ್ಮ ಮಟ್ಟದಲ್ಲಿ ಇಂಥ ನಿಷೇಧ ಹಾಕಬಹುದು ಅನ್ನುವ ಧೈರ್ಯ ಬೇರೆ ಊರುಗಳಿಗೂ ಸಿಕ್ಕಿತು. 2020ರ ಜುಲೈನಲ್ಲಿ ಜಕಾರ್ತಾದಲ್ಲೂ ಕವರ್ ನಿಷೇಧ ಜಾರಿಗೆ ಬಂತು.

ಇದರ ಶ್ರೇಯಸ್ಸು ಯಾರಿಗೆ? ಇಬ್ಬರು ಹುಡುಗಿಯರಿಗೆ ಪೂರ್ತಿ ಕೊಡುವುದು ತಪ್ಪು. ಬಾಲಿಯಲ್ಲಿ ಕಸದ ವಿಚಾರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸ್ಥಳೀಯ ಸಂಘಟನೆಗಳಿವೆ. ತುರ್ತು ಪರಿಸ್ಥಿತಿಯ ಚಿತ್ರಗಳಿದ್ದವು, ಪ್ರವಾಸೋದ್ಯಮದ ಒತ್ತಡ ಇತ್ತು, ಹೊಸ ಗವರ್ನರ್‌ಗೆ ಇಚ್ಛೆ ಇತ್ತು. ಹಾಗಂತ ಇವರ ಪಾತ್ರ ಅಲಂಕಾರಕ್ಕೆ ಅಂತ ಹೇಳುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಆರು ವರ್ಷ ಒಂದೇ ಬೇಡಿಕೆಯನ್ನು ಬಿಡದೆ ಹಿಡಿದು, ಗವರ್ನರ್ ಬದಲಾದರೂ ಬೇಡಿಕೆ ಬದಲಾಗದಂತೆ ನೋಡಿಕೊಂಡವರು ಇವರು. 2018ರ ಕೊನೆಯಲ್ಲಿ ನಿಯಮ ಬಂದಾಗ ಕವರ್‌ರಹಿತ ಅಂಗಡಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಸ್ಟಿಕರ್ ಅಂಟಿಸಿಕೊಂಡ ಅಂಗಡಿಗಳ ಉದಾಹರಣೆ ಆಗಲೇ ಕಣ್ಣಮುಂದೆ ಇತ್ತು.

ಎಲ್ಲರಿಗೂ ಸಿಗದ ಅನುಕೂಲಗಳು

ಇದನ್ನು ಹೇಳದೆ ಪ್ರಕರಣ ಅಧ್ಯಯನ ಅಂತ ಬರೆಯುವುದು ಸರಿಯಲ್ಲ. ಇವರು ಓದಿದ್ದು ಬಿದಿರಿನ ಕಟ್ಟಡಗಳಿಗೆ ಹೆಸರಾದ, ದುಬಾರಿ ಶುಲ್ಕದ ಅಂತರರಾಷ್ಟ್ರೀಯ ಶಾಲೆಯಲ್ಲಿ. ತಂದೆ ಇಂಡೋನೇಷ್ಯಾದವರು, ತಾಯಿ ನೆದರ್ಲೆಂಡ್ಸ್‌ನವರು. ಇಂಗ್ಲಿಷ್ ಸಲೀಸು. ಶಾಲೆಗೆ ಬಿಡುವು ಕೇಳಿದರೆ ಸಿಗುತ್ತಿತ್ತು, ಹೊರದೇಶಕ್ಕೆ ಹೋಗಿ ಮಾತಾಡಲು ಆಗುತ್ತಿತ್ತು. 2017ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಸಾಗರ ಸಮ್ಮೇಳನದಲ್ಲೂ ಮಾತಾಡಿದರು. ಪೆರೆರೆನಾನ್‌ನ ವಾರುಂಗ್ ನಡೆಸುವವರ ಮಗಳಿಗೆ ಇದೇ ಕಾಳಜಿ ಇದ್ದಿದ್ದರೆ ಈ ಬಾಗಿಲುಗಳು ತೆರೆಯುತ್ತಿದ್ದವೇ? ಬಹುಶಃ ಇಲ್ಲ.

ಹಾಗಾದರೆ ಬೇರೆಯವರು ಇದರಿಂದ ತೆಗೆದುಕೊಳ್ಳುವಂಥದ್ದು ಏನಿದೆ? ಟೆಡ್ ವೇದಿಕೆಯನ್ನು ಬದಿಗಿಡಿ. ಒಂದೇ ವಸ್ತುವನ್ನು ಆರಿಸಿಕೊಳ್ಳುವುದಕ್ಕೆ ದುಡ್ಡು ಬೇಡ. ಒಂದು ಬೀದಿಯ ಅಂಗಡಿಗಳನ್ನು ಮೊದಲು ಹಿಡಿಯುವುದಕ್ಕೆ ಇಂಗ್ಲಿಷ್ ಬೇಡ. ಊರಿನ ಮುಖ್ಯಸ್ಥರನ್ನು ಮೊದಲ ದಿನವೇ ಜೊತೆಗೆ ಕರೆದುಕೊಳ್ಳುವುದು, ಪರ್ಯಾಯ ಹೊಲಿಯುವವರಿಗೆ ಸಂಪಾದನೆ ಆಗುವ ಹಾಗೆ ನೋಡಿಕೊಳ್ಳುವುದು, ಗಡುವು ತಪ್ಪಿದಾಗ ಸಿಟ್ಟಿನಲ್ಲಿ ಎದ್ದುಹೋಗದೆ ಮತ್ತೆ ಅದೇ ಕಚೇರಿಗೆ ಹೋಗುವುದು. ಇವೆಲ್ಲ ಯಾರು ಬೇಕಾದರೂ ಮಾಡಬಹುದಾದ ಕೆಲಸ.

ಇನ್ನೊಂದು ಕಷ್ಟ ಇದೆ, ಯುವಜನರ ಎಲ್ಲ ಕೆಲಸಗಳಿಗೂ ಇರುವಂಥದ್ದು. ಮಕ್ಕಳು ಬೆಳೆಯುತ್ತಾರೆ. 2013ರ 12 ವರ್ಷದ ಹುಡುಗಿಗೆ ನಿಯಮ ಜಾರಿಯಾಗುವಾಗ 18. ಪರೀಕ್ಷೆ, ಮುಂದಿನ ಓದು, ದುಡಿಮೆ ಎಲ್ಲ ಬರುತ್ತದೆ. ಇಲ್ಲಿ ಅದಕ್ಕೆ ಕಂಡುಕೊಂಡ ದಾರಿ, ತಂಡಗಳನ್ನು ಹುಟ್ಟುಹಾಕುವುದು. ಹೆಸರು ಮತ್ತು ಮಾದರಿ ತೆಗೆದುಕೊಂಡು ಬೇರೆ ದೇಶಗಳ ಮಕ್ಕಳೂ ತಮ್ಮ ಊರಲ್ಲಿ ಗುಂಪು ಕಟ್ಟಿದರು. ಮೆಲಾಟಿ 2020ರಲ್ಲಿ 'ಯೂತ್‌ಟೋಪಿಯಾ' ಅಂತ ಶುರುಮಾಡಿದರು. ಯುವಜನರೇ ಯುವಜನರಿಗೆ ಇಂಥ ಕೆಲಸ ಕಲಿಸುವ ವೇದಿಕೆ ಅದು.

ಈಗ ಉಳಿದಿರುವುದು

ಸೂಪರ್‌ಮಾರ್ಕೆಟ್‌ಗಳಲ್ಲಿ ಕವರ್ ನಿಂತಿತು. ಅಲ್ಲಿ ಒಬ್ಬ ಮಾಲೀಕ, ಒಂದು ಆದೇಶ, ತಪಾಸಣೆ ಸುಲಭ. ಸಾಂಪ್ರದಾಯಿಕ ಸಂತೆಗಳಲ್ಲಿ ಹಾಗಾಗಲಿಲ್ಲ. ಬೆಳಗಿನ ಜಾವ ಒದ್ದೆ ಮೀನು, ಕೊಬ್ಬರಿ ತುರಿ, ಹೂವು ಮಾರುವ ನೂರಾರು ಜನರ ಹತ್ತಿರ ಯಾವ ಅಧಿಕಾರಿ ನಿಂತು ನೋಡುತ್ತಾನೆ? ಕಡಿಮೆ ಲಾಭದಲ್ಲಿ ವ್ಯಾಪಾರ ಮಾಡುವ ಅವರಿಗೆ ದಂಡ ಹಾಕುವುದಕ್ಕಿಂತ ಒದ್ದೆ ಸಾಮಾನಿಗೆ ಹೊಂದುವ ಅಗ್ಗದ ಪರ್ಯಾಯ ಕೊಡಬೇಕಾಗಿದೆ. ಅಲ್ಲಿ ಬೇಕಾಗಿರುವುದು ಪೆರೆರೆನಾನ್‌ನಲ್ಲಿ ಮಾಡಿದಂಥದ್ದೇ ಕೆಲಸ.

ಸ್ಯಾಶೆಗಳನ್ನಂತೂ ಈ ನಿಯಮ ಮುಟ್ಟಲೇ ಇಲ್ಲ. ಅಂಗಡಿಯಲ್ಲಿ ಸರದ ಹಾಗೆ ತೂಗಾಡುವ ಆ ಸಣ್ಣ ಪೊಟ್ಟಣಗಳು ಹಲವು ಪದರದ ಪ್ಲಾಸ್ಟಿಕ್ ಮತ್ತು ಲೋಹದ ಹಾಳೆ ಸೇರಿಸಿ ಮಾಡಿದವು. ಪದರ ಬಿಡಿಸಲು ಆಗುವುದಿಲ್ಲ, ಹಾಗಾಗಿ ಮರುಬಳಕೆಯೂ ಇಲ್ಲ. ದಿನಗೂಲಿಯಲ್ಲಿ ಬದುಕುವವರು ದೊಡ್ಡ ಬಾಟಲಿ ಕೊಳ್ಳಲಾಗದೆ ಸ್ಯಾಶೆ ಕೊಳ್ಳುತ್ತಾರೆ. ಇಲ್ಲಿ ಕೊಳ್ಳುವವರನ್ನು ಬದಲಾಯಿಸುತ್ತೇವೆ ಅನ್ನುವ ದಾರಿ ನಡೆಯುವುದಿಲ್ಲ, ತಯಾರಿಸುವ ಕಂಪನಿಗಳನ್ನೇ ಹಿಡಿಯಬೇಕು.

ಆ ಕೆಲಸಕ್ಕೆ ಬಾಲಿಯಲ್ಲಿ ಇಳಿದಿರುವವರೂ ಯುವಜನರೇ. ಗ್ಯಾರಿ, ಕೆಲ್ಲಿ, ಸ್ಯಾಮ್ ಬೆನ್‌ಶೆಗಿಬ್ ಅನ್ನುವ ಮೂವರು ಒಡಹುಟ್ಟಿದವರು 2020ರಲ್ಲಿ 'ಸುಂಗೈ ವಾಚ್' ಶುರುಮಾಡಿದರು. ಹೊಳೆಗಳಿಗೆ ಅಡ್ಡಲಾಗಿ ತೇಲುವ ತಡೆ ಹಾಕಿ, ಕಸ ಸಮುದ್ರಕ್ಕೆ ಹೋಗುವ ಮೊದಲೇ ಹಿಡಿಯುತ್ತಾರೆ. ಹಿಡಿದದ್ದನ್ನು ಎತ್ತಿ ಬಿಸಾಡುವುದಿಲ್ಲ. ಬಗೆಬಗೆಯಾಗಿ ವಿಂಗಡಿಸಿ, ಪೊಟ್ಟಣದ ಮೇಲಿನ ಕಂಪನಿ ಹೆಸರು ಓದಿ, ಯಾವ ಕಂಪನಿಯದ್ದು ಎಷ್ಟು ಸಿಕ್ಕಿತು ಅಂತ ಲೆಕ್ಕ ಪ್ರಕಟಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಗವರ್ನರ್ ಕೊಸ್ಟರ್ ಇನ್ನೊಂದು ಸುತ್ತೋಲೆ ಹೊರಡಿಸಿದರು: ಒಂದು ಲೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಬಾಟಲಿ, ಲೋಟಗಳಲ್ಲಿ ನೀರು ತಯಾರಿಸುವುದು, ಹಂಚುವುದು ಬಾಲಿಯಲ್ಲಿ ಬೇಡ ಅಂತ. ಕವರ್ ವಿಷಯದಲ್ಲಿ ಹೊಣೆ ಹೆಚ್ಚಾಗಿ ಅಂಗಡಿಯವರ ಮೇಲೆ ಬಿದ್ದಿತ್ತು, ಇಲ್ಲಿ ಹೆಚ್ಚಾಗಿ ತಯಾರಕರ ಮೇಲೆ ಬಿದ್ದಿದೆ. ನೀರಿನ ಉದ್ಯಮದವರು ಆಕ್ಷೇಪ ಎತ್ತಿದ್ದಾರೆ. ಕವರ್ ನಿಯಮವನ್ನು ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ಬಾಟಲಿಯ ವಿಷಯದಲ್ಲಿ ಎದುರಿಗಿರುವವರು ಅದಕ್ಕಿಂತ ದೊಡ್ಡ ಕಂಪನಿಗಳು.